ಲಂಚ, ದಲ್ಲಾಳಿ, ಗ್ಯಾಂಗು: ಕಾಸರಗೋಡಿನ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಬೆಳಗ್ಗೆ ನಾವು ಮೂರು ಜನ ಕೂತು ಅರ್ಜಿ ಬರೆದುಕೊಡುತ್ತೇವೆ. ಬರುವವರು ಅಡಿಕೆ ತೋಟದವರು, ಬೀಡಿ ಕಟ್ಟುವ ಅಕ್ಕಂದಿರು, ಗಲ್ಫಿನಲ್ಲಿ ಮಗ ಇರುವ ಅಮ್ಮಂದಿರು. ಊರು ಬೇರೆ, ಕಾಗದ ಬೇರೆ, ಆದರೆ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೇಸು ಕೋರ್ಟಿಗೆ ಹೋದ ಮೇಲೆ ವಕೀಲರನ್ನು ಕೇಳಲೇಬೇಕು. ಅದಕ್ಕೆ ಮೊದಲು ಗೊತ್ತಿರಬೇಕಾದ್ದು ಇಷ್ಟು.

"ಚಾ ಕುಡಿಯಲಿಕ್ಕೆ ಏನಾದರೂ ಕೊಡಿ" ಅಂದರೆ ಅದೂ ಲಂಚವೇ ಮಾಷ್ಟ್ರೇ?

ಹೌದು, ಲಂಚವೇ. ನಮ್ಮ ಕಡೆ ಇದಕ್ಕೆ ಬೇಕಾದಷ್ಟು ಹೆಸರಿದೆ. ಚಾ ಕಾಸು, ಕೈಮಡಕ್ಕು, ಸಂತೋಷಕ್ಕೆ ಕೊಡುವುದು. ಕಾನೂನಿಗೆ ಈ ಹೆಸರುಗಳು ಬೇಡ. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ, ಸಂಬಳಕ್ಕೆ ಮಾಡಬೇಕಾದ ಕೆಲಸಕ್ಕೆ ಸರಕಾರಿ ನೌಕರ ಬೇರೇನು ಪಡೆದರೂ ಅಪರಾಧ. ದುಡ್ಡೇ ಆಗಬೇಕೆಂದಿಲ್ಲ. ಒಂದು ಬಾಟಲಿ ಆಗಬಹುದು, ಹೊಸ ಮೊಬೈಲ್ ಆಗಬಹುದು, ಒಂದು ಗೊನೆ ನೇಂದ್ರ ಬಾಳೆಯೂ ಆಗಬಹುದು. ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ ದಂಡ.

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ನೀವು ಕೊಡದೇ ಇದ್ದರೂ, ಅವರು ಬಾಯಿಬಿಟ್ಟು ಕೇಳಿದಾಗಲೇ ಅಪರಾಧ ಆಗಿಹೋಯಿತು.

ನಿಮಗೇ ಹೀಗೆ ಆಗಿದೆಯಾ?

ಆಗಿದೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಜಾಗದ ಪೋಕುವರವು, ಅಂದರೆ ಖಾತೆ ಬದಲಾವಣೆ ಮಾಡಿಸಬೇಕಿತ್ತು. ಒಂದು ಆಫೀಸಿಗೆ ಏಳು ಸಲ ಹೋದೆವು. ಪ್ರತಿ ಸಲವೂ ಫೈಲು ತೆರೆದು, ಮಲಯಾಳದಲ್ಲಿ ಏನೋ ಓದಿ, "ಆಧಾರದಲ್ಲಿ (ಜಾಗದ ದಸ್ತಾವೇಜಿನಲ್ಲಿ) ಒಂದು ಅಕ್ಷರ ಸರಿ ಇಲ್ಲ" ಅಂತ ಹೇಳಿ ಮುಚ್ಚುತ್ತಿದ್ದರು. ಯಾವ ಅಕ್ಷರ, ಯಾವ ಪುಟ, ಹೇಗೆ ಸರಿ ಮಾಡುವುದು, ಒಂದೂ ಹೇಳಲಿಲ್ಲ. ನನಗೆ ಆಗ ಮಲಯಾಳ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

ಎಂಟನೇ ಸಲ ಹೊರಗೆ ಜೆರಾಕ್ಸ್ ಅಂಗಡಿಯ ಹತ್ತಿರ ಒಬ್ಬ ಸಿಕ್ಕಿದ. ಚಂದದ ಕನ್ನಡ ಮಾತಾಡಿದ. "ಅಮ್ಮ, ನೀವು ಯಾಕೆ ಓಡಾಡುತ್ತೀರಿ, ಮೂರೂವರೆ ಸಾವಿರ ಕೊಡಿ" ಅಂದ. ಅಮ್ಮ ಸೊಂಟದ ಚೀಲದಿಂದ ಅಡಿಕೆ ಮಾರಿದ ದುಡ್ಡು ತೆಗೆದು ಎಣಿಸಿದಳು. ನೋಟುಗಳಿಗೆ ಸಿಪ್ಪೆಯ ಕಂದು ಬಣ್ಣ ಹತ್ತಿತ್ತು. ಮೂರನೇ ದಿನ ಕಾಗದ ಕೈಗೆ ಬಂತು. ಎಷ್ಟೋ ಕಾಲದ ಮೇಲೆ ಅದೇ ಆಧಾರವನ್ನು ಮಲಯಾಳ ಓದಬಲ್ಲ ಗೆಳೆಯನಿಗೆ ತೋರಿಸಿದೆ. ಅವನು ಎರಡು ಸಲ ಓದಿ, "ಇದರಲ್ಲಿ ಒಂದು ಅಕ್ಷರವೂ ತಪ್ಪಿಲ್ಲವಲ್ಲ" ಅಂದ.

ನಮ್ಮ ಗಡಿಯಲ್ಲಿ ಲಂಚ ಹುಟ್ಟುವ ಜಾಗ ಇದೇ ಅಂತ ನನಗೆ ಆವತ್ತು ಗೊತ್ತಾಯಿತು. ಕಾಗದ ಓದಲು ಬಾರದವನ ಮತ್ತು ಮೇಜಿನ ನಡುವೆ ಒಂದು ಸಂದು ಇರುತ್ತದೆ. ದಲ್ಲಾಳಿ ಬಂದು ನಿಲ್ಲುವುದು ಅಲ್ಲೇ.

ಹಾಗಾದರೆ ಕನ್ನಡದಲ್ಲೇ ಅರ್ಜಿ ಕೊಡಬಹುದಾ? ತಗೊಳ್ಳುವುದಿಲ್ಲ ಅಂದರೆ?

ಕೊಡಬಹುದು. ಇದು ಯಾರದೋ ದಯೆಯಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸೆಕ್ರೆಟೇರಿಯೆಟ್ಟಿಗೆ, ಇಲಾಖೆಯ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ತಮ್ಮ ಭಾಷೆಯಲ್ಲೇ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಇದರ ಮೇಲೆ ಸಂವಿಧಾನದ 350ನೇ ವಿಧಿ ಇದೆ. ತನ್ನ ಕಷ್ಟ ಹೇಳಿಕೊಳ್ಳುವ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಎಲ್ಲರಿಗೂ ಇದೆ.

"ಮಲಯಾಳದಲ್ಲಿ ಬರೆದು ತನ್ನಿ" ಅಂತ ಕೌಂಟರಿನಲ್ಲಿ ಹೇಳಿದರೆ ಜಗಳ ಮಾಡಬೇಡಿ. "ಕನ್ನಡದ ಅರ್ಜಿ ತಗೊಳ್ಳುವುದಿಲ್ಲ ಅಂತ ಇದರ ಮೇಲೆಯೇ ಬರೆದು ಸಹಿ ಹಾಕಿಕೊಡಿ" ಅಂತ ಮೆತ್ತಗೆ ಹೇಳಿ. ನಾನು ನೋಡಿದ ಮಟ್ಟಿಗೆ ಯಾರೂ ಬರೆದುಕೊಟ್ಟಿಲ್ಲ. ಅರ್ಜಿಯನ್ನೇ ತಗೊಂಡಿದ್ದಾರೆ. ಆಮೇಲೆ ಸೀಲು ಮತ್ತು ತಾರೀಕು ಇರುವ ರಶೀದಿ ಕೇಳಿ. ರಶೀದಿ ಇಲ್ಲದ ಅರ್ಜಿ, ಕೊಡದ ಅರ್ಜಿಗೆ ಸಮ.

ಎಲ್ಲ ಆಫೀಸಿನವರೂ ಹೀಗೆ ಅಂತ ತಿಳಿಯಬೇಡಿ. ಕನ್ನಡ ಓದಲು ಬಾರದಿದ್ದರೂ ಪಕ್ಕದ ಮೇಜಿನವರನ್ನು ಕರೆದು ಓದಿಸಿ, ಅದೇ ದಿನ ಕೆಲಸ ಮುಗಿಸಿಕೊಟ್ಟ ಮಲಯಾಳಿ ಅಧಿಕಾರಿಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ.

ಏಜೆಂಟರಿಗೆ ಕೊಟ್ಟದ್ದು ಲಂಚ ಅಲ್ಲ, ಅಲ್ವಾ? ಅವರು ಸರಕಾರಿ ನೌಕರರಲ್ಲವಲ್ಲ?

ಇಲ್ಲೇ ಸುಮಾರು ಜನ ಎಡವುತ್ತಾರೆ. ಅರ್ಜಿ ತುಂಬಿಸಿಕೊಟ್ಟದ್ದಕ್ಕೆ ಕೂಲಿ ಕೊಟ್ಟರೆ ಅದು ಕೂಲಿ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೊಡುವ ಚಾರ್ಜು ಈ ಬಗೆಯದು. ಅದಕ್ಕೆ ಸರಕಾರವೇ ನಿಗದಿ ಮಾಡಿದ ದರ ಇದೆ. ಆದರೆ "ಒಳಗಿನವರಿಗೆ ಕೊಡಬೇಕು, ನಾನು ಮಾಡಿಸಿಕೊಡುತ್ತೇನೆ" ಅಂತ ತಗೊಂಡರೆ ಕತೆ ಬೇರೆ. 2018ರ ತಿದ್ದುಪಡಿಯಲ್ಲಿ 7ಎ ಅಂತ ಒಂದು ಸೆಕ್ಷನ್ ಸೇರಿತು. ಅಧಿಕಾರಿಯ ಮೇಲೆ ಅಡ್ಡದಾರಿಯಿಂದ ಪ್ರಭಾವ ಬೀರುತ್ತೇನೆ ಅಂತ ದುಡ್ಡು ತಗೊಂಡವನಿಗೂ 3ರಿಂದ 7 ವರ್ಷ ಜೈಲು. ಅವನು ಸರಕಾರಿ ನೌಕರ ಆಗಿರಬೇಕೆಂದಿಲ್ಲ.

ಕೊಟ್ಟಾಯಿತು. ಈಗ ದೂರು ಕೊಟ್ಟರೆ ನನ್ನ ಮೇಲೆಯೇ ಕೇಸು ಆಗುತ್ತದಾ?

ದಿನ ಎಣಿಸಿ. 2018ರ ತಿದ್ದುಪಡಿಯಿಂದ ಲಂಚ ಕೊಡುವುದೂ ನೇರವಾಗಿ ಅಪರಾಧ ಆಯಿತು. 8ನೇ ಸೆಕ್ಷನ್ ಪ್ರಕಾರ ಕೊಟ್ಟವನಿಗೆ 7 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಆದರೆ ಅದೇ ಸೆಕ್ಷನ್ನಿನಲ್ಲಿ ಬಚಾವಾಗುವ ದಾರಿಯೂ ಇದೆ. ಬಲವಂತಕ್ಕೆ ಸಿಕ್ಕಿ ಕೊಟ್ಟಿದ್ದರೆ, ಕೊಟ್ಟ 7 ದಿನದೊಳಗೆ ಪೊಲೀಸಿಗೋ, ಲಂಚದ ಕೇಸು ನೋಡುವ ವಿಜಿಲೆನ್ಸಿಗೋ ತಿಳಿಸಿದರೆ, ನಿಮ್ಮ ಮೇಲೆ ಅಪರಾಧ ಇಲ್ಲ. ಮೊದಲೇ ತಿಳಿಸಿ, ಹಿಡಿಸುವುದಕ್ಕೋಸ್ಕರ ಕೊಟ್ಟರೂ ಇಲ್ಲ.

ಈ 7 ದಿನದ ನಿಯಮದ ಬಗ್ಗೆ ನನಗೆ ಸಮಾಧಾನ ಇಲ್ಲ. ಗಂಡ ಆಸ್ಪತ್ರೆಯಲ್ಲಿ ಮಲಗಿರುವಾಗ ಒಂದು ಸರ್ಟಿಫಿಕೇಟಿಗೆ ದುಡ್ಡು ಕೊಟ್ಟ ಹೆಂಗಸಿಗೆ 7 ದಿನದಲ್ಲಿ ಸ್ಟೇಷನ್ ನೆನಪಾಗುತ್ತದಾ? ಲಂಚ ಕೊಟ್ಟು ಟೆಂಡರ್ ಹೊಡೆದವನಿಗೂ ಇವಳಿಗೂ ಒಂದೇ ಗಡುವು ಇಟ್ಟದ್ದು ಸರಿಯಲ್ಲ. ಆದರೆ ಈಗ ಕಾನೂನು ಇರುವುದು ಹೀಗೆ. ಎಂಟನೇ ದಿನ ಬಂದವರನ್ನು ಮೊದಲು ವಕೀಲರ ಹತ್ತಿರ ಕಳಿಸುತ್ತೇವೆ. ಆರನೇ ದಿನ ಬಂದರೆ ಅವತ್ತೇ ಬರೆಸುತ್ತೇವೆ.

ದೂರು ಎಲ್ಲಿ ಕೊಡುವುದು? ಹಿಡಿಯುವುದು ಹೇಗೆ?

ಕೇರಳ ಸರಕಾರದ ನೌಕರರಾದರೆ ವಿಜಿಲೆನ್ಸ್ ಆ್ಯಂಡ್ ಆ್ಯಂಟಿ ಕರಪ್ಷನ್ ಬ್ಯೂರೋ. 1964ರಿಂದ ಇರುವ ಇಲಾಖೆ. ಕಾಸರಗೋಡಿನಲ್ಲೂ ಅದರ ಘಟಕ ಇದೆ. ಹಣ ಕಟ್ಟಬೇಕಿಲ್ಲದ ನಂಬರು 1064. ಹೆಸರು ಹೇಳದೆ ಸುದ್ದಿ ಕೊಡಬಹುದು. ಆದರೆ ಲಂಚ ತಗೊಳ್ಳುವಾಗಲೇ ಹಿಡಿಯಬೇಕಾದರೆ ದೂರುದಾರ ಬೇಕೇ ಬೇಕು.

ಹಿಡಿಯುವ ರೀತಿ ಹೀಗೆ. ಮೊದಲು ನಿಮ್ಮ ಮಾತು ಬರೆದುಕೊಳ್ಳುತ್ತಾರೆ. ನೋಟುಗಳ ನಂಬರು ಬರೆದಿಡುತ್ತಾರೆ. ಬೇರೆ ಇಲಾಖೆಯ ಇಬ್ಬರು ಅಧಿಕಾರಿಗಳನ್ನು ಸಾಕ್ಷಿಗೆ ಕರೆಸುತ್ತಾರೆ. ನೋಟಿಗೆ ಫಿನಾಫ್ತಲೀನ್ ಎಂಬ ಬಿಳಿ ಪುಡಿ ಸವರುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ನೀವು ಅದನ್ನು ಜೇಬಿನಲ್ಲಿಟ್ಟು ಹೋಗಿ, ಅವರು ಕೇಳಿದ ಮೇಲೆ ಮಾತ್ರ ಕೊಡಬೇಕು. ಕೊಟ್ಟ ಮೇಲೆ ಮೊದಲೇ ಹೇಳಿಟ್ಟ ಸನ್ನೆ ಮಾಡಬೇಕು. ತಂಡ ಒಳಗೆ ಬಂದು ಅವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ಕರಗಿಸಿದ ನೀರಿನಲ್ಲಿ ಅದ್ದಿಸುತ್ತದೆ. ನೋಟು ಮುಟ್ಟಿದ ಕೈಯಾದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ಹಾಕಿ ಸೀಲು ಮಾಡಿ ಲ್ಯಾಬಿಗೆ ಕಳಿಸುತ್ತಾರೆ.

"ಅವರು ಕೇಳಿದ ಮೇಲೆ ಮಾತ್ರ" ಅನ್ನುವುದನ್ನು ಹತ್ತು ಸಲ ಹೇಳುತ್ತೇನೆ. ಗಾಬರಿಯಲ್ಲಿ ಹೋದ ಕೂಡಲೇ ನೋಟು ಚಾಚಬೇಡಿ. ಮೇಜಿನ ಮೇಲೆ ದುಡ್ಡು ಸಿಕ್ಕಿತು ಎಂಬಷ್ಟಕ್ಕೇ ಕೋರ್ಟು ಶಿಕ್ಷೆ ಕೊಡುವುದಿಲ್ಲ. ಹೀಗೆ ಹಿಡಿದ ಕೇಸಿನಲ್ಲಿ ಕೇಳಿದ್ದೂ ತಗೊಂಡದ್ದೂ ಎರಡೂ ರುಜುವಾಗಬೇಕು.

ಆ ದುಡ್ಡು ನಮ್ಮದೇ ಆಗಿದ್ದರೆ?

ವಾಪಸು ಬರುತ್ತದೆ. ಎಷ್ಟು ದಿನ ಹಿಡಿಯುತ್ತದೆ ಅಂತ ದೂರು ಬರೆಸುವಾಗಲೇ ಕೇಳಿಕೊಳ್ಳಿ.

ಫೋನಿನಲ್ಲಿ ರೆಕಾರ್ಡ್ ಮಾಡಿದ್ದು ನಡೆಯುತ್ತದಾ?

ನಡೆಯುತ್ತದೆ, ಆದರೆ ಮೂಲ ಫೋನು ಇರಬೇಕು. ವಾಟ್ಸಾಪಿನಲ್ಲಿ ನಾಲ್ಕು ಜನರಿಗೆ ಕಳಿಸಿ, ಆಮೇಲೆ ಫೋನು ಮಾರಿಬಿಟ್ಟರೆ ಕಷ್ಟ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ರೆಕಾರ್ಡಿಂಗ್ ಜೊತೆ ಒಂದು ಸರ್ಟಿಫಿಕೇಟೂ ಕೊಡಬೇಕಾಗುತ್ತದೆ. ಊರಿನ ಗ್ರೂಪಿಗೆ ಮಾತ್ರ ಹಾಕಬೇಡಿ. ನೀವು ವಿಜಿಲೆನ್ಸಿಗೆ ಹೋಗುವ ಮೊದಲೇ ಆ ಸುದ್ದಿ ಆಫೀಸಿಗೆ ತಲುಪಿರುತ್ತದೆ.

ದೂರು ಕೊಟ್ಟವರೇ ಕೋರ್ಟಿನಲ್ಲಿ ಉಲ್ಟಾ ಹೊಡೆದರೆ ಕೇಸು ಬಿದ್ದುಹೋಗುತ್ತದೆ ಅಲ್ವಾ?

ಮೊದಲು ಹಾಗೆಯೇ ಆಗುತ್ತಿತ್ತು. ವರ್ಷಗಟ್ಟಲೆ ಎಳೆದು, ಊರಿನ ದೊಡ್ಡವರನ್ನು ಹಿಡಿದು ರಾಜಿ ಮಾಡಿಸಿ, "ನನಗೆ ಏನೂ ನೆನಪಿಲ್ಲ" ಅಂತ ಹೇಳಿಸುತ್ತಿದ್ದರು. 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐದು ಜಡ್ಜುಗಳ ಪೀಠ ನೀರಜ್ ದತ್ತಾ ಕೇಸಿನಲ್ಲಿ ಇದಕ್ಕೆ ತೆರೆ ಎಳೆಯಿತು. ದೂರುದಾರ ತೀರಿಕೊಂಡಿದ್ದರೂ, ತಿರುಗಿಬಿದ್ದರೂ, ಉಳಿದ ಸಾಕ್ಷಿ ಮತ್ತು ಸಂದರ್ಭದಿಂದ ಲಂಚ ಕೇಳಿದ್ದನ್ನೂ ತಗೊಂಡದ್ದನ್ನೂ ರುಜುವಾತು ಮಾಡಬಹುದು ಅಂತ ಹೇಳಿತು. ನಮ್ಮಂಥ ಚಿಕ್ಕ ಊರಿಗೆ ಇದು ಬಹಳ ದೊಡ್ಡ ತೀರ್ಪು. ಇಲ್ಲಿ ದೂರು ಕೊಟ್ಟವನೂ ಸಿಕ್ಕಿಬಿದ್ದವನೂ ಒಂದೇ ಜಾತ್ರೆಯಲ್ಲಿ ಎದುರೆದುರು ಸಿಗುತ್ತಾರೆ. ಒತ್ತಡ ಬಂದೇ ಬರುತ್ತದೆ.

ನನಗೆ ಯಾರನ್ನೂ ಹಿಡಿಸುವುದು ಬೇಡ. ನನ್ನ ಕೆಲಸ ಆದರೆ ಸಾಕು.

ತಪ್ಪೇನಿಲ್ಲ. ಬರುವವರಲ್ಲಿ ಮುಕ್ಕಾಲು ಪಾಲು ಜನರ ಮಾತು ಇದೇ. ಅದಕ್ಕೆ ಎರಡು ದಾರಿ ಇದೆ.

ಒಂದು, 2012ರ ಕೇರಳ ಸೇವಾ ಹಕ್ಕು ಕಾಯ್ದೆ. ಯಾವ ಸರ್ಟಿಫಿಕೇಟು ಎಷ್ಟು ದಿನದಲ್ಲಿ ಕೊಡಬೇಕು, ಯಾರು ಕೊಡಬೇಕು ಅಂತ ಪ್ರತಿ ಇಲಾಖೆಯೂ ಮೊದಲೇ ಹೇಳಿರಬೇಕು. ದಿನ ಮೀರಿದರೆ ಮೇಲಿನವರಿಗೆ ಅಪೀಲು, ಅಲ್ಲೂ ಆಗದಿದ್ದರೆ ಎರಡನೇ ಅಪೀಲು. ತಪ್ಪು ಮಾಡಿದ ನೌಕರನಿಗೆ ದಂಡ ಬೀಳುತ್ತದೆ.

ಎರಡು, 2005ರ ಮಾಹಿತಿ ಹಕ್ಕು. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿ ಕೊಟ್ಟರೆ ಆಯಿತು. ಬಿಪಿಎಲ್ ಕಾರ್ಡಿನವರಿಗೆ ಅದೂ ಬೇಡ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಮಾಹಿತಿ ಅಧಿಕಾರಿಯೇ ಬರೆಯಲು ಸಹಾಯ ಮಾಡಬೇಕು. ಇದು ಕಾನೂನಿನಲ್ಲೇ ಇರುವ ಮಾತು. ಉತ್ತರಕ್ಕೆ 30 ದಿನ. ಸುಮ್ಮನೆ ತಡ ಮಾಡಿದರೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ, ಅದೂ ಅಧಿಕಾರಿಯ ಸ್ವಂತ ಜೇಬಿನಿಂದ.

ಏನು ಕೇಳಬೇಕು ಅನ್ನುವುದರಲ್ಲೇ ಜಾಣತನ ಇರುವುದು. "ನನ್ನ ಕೆಲಸ ಯಾಕೆ ಆಗಲಿಲ್ಲ" ಅಂತ ಕೇಳಬೇಡಿ. "ಇಂಥ ತಾರೀಕಿನ ನನ್ನ ಅರ್ಜಿ ದಿನವಾರು ಯಾರ ಮೇಜಿನಲ್ಲಿತ್ತು, ಪ್ರತಿಯೊಬ್ಬರೂ ಅದರ ಮೇಲೆ ಏನು ಬರೆದಿದ್ದಾರೆ, ಅದರ ನಕಲು ಕೊಡಿ" ಅಂತ ಕೇಳಿ. ಪೈವಳಿಕೆ ಕಡೆಯ ಒಬ್ಬ ಅಜ್ಜ ಎಂಟು ತಿಂಗಳು ಕಾದಿದ್ದರು. ಈ ಒಂದು ವಾಕ್ಯ ಬರೆದುಕೊಟ್ಟೆವು. ಹನ್ನೊಂದನೇ ದಿನ ಆಫೀಸಿನಿಂದಲೇ ಫೋನು ಬಂತು. ಉತ್ತರ ಬರಲಿಲ್ಲ, ಕೆಲಸವೇ ಆಗಿ ಬಂತು.

ಗದ್ದೆ ಜಾಗ ಪರಿವರ್ತನೆಗೆ ಇಷ್ಟು ಲಕ್ಷ ಆಗುತ್ತದೆ ಅಂತಾರೆ. ನಿಜವಾ?

ದಲ್ಲಾಳಿಗಳ ಸುಗ್ಗಿ ಈಗ ಇದರಲ್ಲೇ. 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ ಒಳ್ಳೆಯ ಕಾಯ್ದೆ. ಉಳಿದಿರುವ ಗದ್ದೆ ಉಳಿಯಲೇಬೇಕು. ಆದರೆ ಎಷ್ಟೋ ಕಡೆ ಮೊದಲೇ ತೋಟ ಆಗಿದ್ದ ಜಾಗವೂ ಡಾಟಾ ಬ್ಯಾಂಕಿನಲ್ಲಿ, ಅಂದರೆ ಗದ್ದೆಗಳ ಸರಕಾರಿ ಪಟ್ಟಿಯಲ್ಲಿ, ಗದ್ದೆ ಅಂತ ಸೇರಿಬಿಟ್ಟಿದೆ. ಅದನ್ನು ತೆಗೆಸಲು ಫಾರ್ಮ್ 5. ಡಾಟಾ ಬ್ಯಾಂಕಿನಲ್ಲಿ ಇಲ್ಲದೆ, ರೆಕಾರ್ಡಿನಲ್ಲಿ ಮಾತ್ರ ಗದ್ದೆ ಅಂತಿದ್ದರೆ, 50 ಸೆಂಟಿನ ಒಳಗಿನ ಜಾಗಕ್ಕೆ ಫಾರ್ಮ್ 6. ಮೊದಲನೆಯದಕ್ಕೆ ಕೃಷಿ ಭವನದ ವರದಿ ಬೇಕು, ಎರಡನೆಯದಕ್ಕೆ ವಿಲೇಜ್ ಆಫೀಸಿನ ವರದಿ. ದುಡ್ಡು ಕೇಳುವುದು ಈ ವರದಿಯ ಹಂತದಲ್ಲಿ.

2017ರ ಡಿಸೆಂಬರ್ 30ಕ್ಕೆ 25 ಸೆಂಟಿಗಿಂತ ಹೆಚ್ಚಿಲ್ಲದಿದ್ದ ಜಾಗಕ್ಕೆ ಪರಿವರ್ತನೆಯ ಫೀಸೇ ಇಲ್ಲ. ಎಂಟು, ಹತ್ತು ಸೆಂಟಿನ ಬಡವರಿಂದ "ಸರಕಾರಕ್ಕೆ ಕಟ್ಟಲಿಕ್ಕಿದೆ" ಅಂತ ಹೇಳಿ ದುಡ್ಡು ಕಿತ್ತದ್ದನ್ನು ನಾನು ಕಂಡಿದ್ದೇನೆ. ಸರಕಾರಕ್ಕೆ ಒಂದು ಪೈಸೆಯೂ ಹೋಗಲಿಲ್ಲ.

2008ರಲ್ಲಿ ಆ ಜಾಗ ಹೇಗಿತ್ತು ಅನ್ನುವುದೇ ಜಗಳವಾದರೆ ಉಪಗ್ರಹ ಚಿತ್ರದ ವರದಿ ಕೇಳಬಹುದು. ರಾಜ್ಯದ ರಿಮೋಟ್ ಸೆನ್ಸಿಂಗ್ ಕೇಂದ್ರ ಅದನ್ನು ಕೊಡುತ್ತದೆ. ಆಗಲೇ ಅಲ್ಲಿ ಫಲ ಬಿಡುವ ತೆಂಗು ಇದ್ದರೆ ಚಿತ್ರದಲ್ಲಿ ಕಾಣುತ್ತದೆ. ಚಿತ್ರಕ್ಕೆ ಯಾರೂ ಚಾ ಕಾಸು ಕೊಡಬೇಕಾಗಿಲ್ಲ.

ಲಂಚ ಕೇಳಿದ್ದು ಮಂಗಳೂರಿನ ಆಫೀಸಿನಲ್ಲಿ. ನಾವು ಮಂಜೇಶ್ವರದವರು. ಎಲ್ಲಿಗೆ ಹೋಗುವುದು?

ನಿಮ್ಮ ಮನೆ ಎಲ್ಲಿದೆ ಅಂತ ನೋಡುವುದಿಲ್ಲ. ಆ ನೌಕರ ಯಾವ ಸರಕಾರದವನು ಅಂತ ನೋಡುತ್ತಾರೆ. ಕರ್ನಾಟಕದವನಾದರೆ ಕರ್ನಾಟಕ ಲೋಕಾಯುಕ್ತ. ನಡುವೆ 2016ರಲ್ಲಿ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಮಾಡಿದ್ದರು. 2022ರ ಆಗಸ್ಟಿನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿ, ಅಧಿಕಾರವನ್ನು ಲೋಕಾಯುಕ್ತ ಪೊಲೀಸರಿಗೇ ವಾಪಸು ಕೊಟ್ಟಿತು. ರೈಲ್ವೆ, ಕಸ್ಟಮ್ಸ್, ಪಾಸ್‌ಪೋರ್ಟ್‌ನಂಥ ಕೇಂದ್ರದ ಕಚೇರಿಯಾದರೆ ಸಿಬಿಐ.

ಪಂಚಾಯತಿನಲ್ಲಿ ಗೋಲ್‌ಮಾಲ್ ಆದರೆ? ಮಂತ್ರಿಗಳ ಮೇಲೆ?

ಪಂಚಾಯತು, ನಗರಸಭೆಗಳ ಮೇಲೆ ದೂರು ಕೇಳಲು ಕೇರಳದಲ್ಲಿ ಬೇರೆಯೇ ಒಂಬುಡ್ಸ್‌ಮನ್ ಇದ್ದಾರೆ. ಮಂತ್ರಿ, ಶಾಸಕ, ದೊಡ್ಡ ಅಧಿಕಾರಿಗಳಿಗೆ 1999ರ ಕಾಯ್ದೆಯ ಲೋಕಾಯುಕ್ತ.

ಲೋಕಾಯುಕ್ತದ ಬಗ್ಗೆ ಬೇಸರದಿಂದಲೇ ಹೇಳಬೇಕು. ಮೊದಲು 14ನೇ ಸೆಕ್ಷನ್ನಿನಲ್ಲಿ ಬಲ ಇತ್ತು. "ಇವರು ಈ ಹುದ್ದೆಯಲ್ಲಿ ಇರಬಾರದು" ಅಂತ ಲೋಕಾಯುಕ್ತ ಹೇಳಿದರೆ ಇಳಿಯಲೇಬೇಕಿತ್ತು. 2021ರಲ್ಲಿ ಒಬ್ಬ ಮಂತ್ರಿ ಹಾಗೆ ರಾಜೀನಾಮೆ ಕೊಟ್ಟರು. 2022ರಲ್ಲಿ ವಿಧಾನಸಭೆ ಅದನ್ನು ತಿದ್ದಿತು, 2024ರಲ್ಲಿ ರಾಷ್ಟ್ರಪತಿಯ ಅಂಕಿತವೂ ಬಿತ್ತು. ಈಗ ಲೋಕಾಯುಕ್ತ ಹೇಳಿದ್ದನ್ನು ಒಪ್ಪುವುದೋ ಬಿಡುವುದೋ ಮೇಲಿನವರಿಗೆ ಬಿಟ್ಟದ್ದು. ಹಲ್ಲು ಕಿತ್ತ ಹಾವಾಯಿತು. ಕಾನೂನು ಸುಧಾರಣೆ ಅಂದರೆ ಯಾವಾಗಲೂ ಮುಂದಕ್ಕೇ ಹೋಗುವುದಲ್ಲ, ಹೀಗೆ ಹಿಂದಕ್ಕೂ ಹೋಗುತ್ತದೆ.

ಮರಳು ಲಾರಿ, ಚಿನ್ನ, ಗಾಂಜಾ. ಇದೆಲ್ಲ ಪೊಲೀಸರ ವಿಷಯ, ನಮಗೇಕೆ?

ರಾತ್ರಿ ಎರಡು ಗಂಟೆಗೆ ಹೊಳೆ ಬದಿಯ ಮನೆಯಲ್ಲಿ ಮಲಗಿ ನೋಡಿ. ಟಿಪ್ಪರಿನ ಗೇರು ಬದಲಾಗುವ ಶಬ್ದಕ್ಕೆ ಕಿಟಕಿಯ ಗಾಜು ನಡುಗುತ್ತದೆ. ಬೆಳಗ್ಗೆ ನೋಡಿದರೆ ದಂಡೆ ಇನ್ನೂ ಒಂದು ಮಾರು ಕುಸಿದಿರುತ್ತದೆ, ಬೇಸಗೆಯಲ್ಲಿ ಬಾವಿಗೆ ಉಪ್ಪು ನೀರು ಬರುತ್ತದೆ. ಹೊಳೆ ದಂಡೆ ಉಳಿಸಲು, ಮರಳು ತೆಗೆಯುವುದನ್ನು ಹಿಡಿತದಲ್ಲಿಡಲು ಕೇರಳದಲ್ಲಿ 2001ರಿಂದಲೇ ಕಾಯ್ದೆ ಇದೆ. ಆದರೂ ಲಾರಿ ಹೋಗುತ್ತದೆ ಅಂದರೆ, ದಾರಿಯಲ್ಲಿ ಎಲ್ಲೋ ಒಂದು ಕೈ ಬೆಚ್ಚಗಾಗಿದೆ ಅಂತಲೇ ಅರ್ಥ. ಲಂಚ ಬೇರೆ, ಗ್ಯಾಂಗು ಬೇರೆ ಅಂತ ನಾವು ಅಂದುಕೊಳ್ಳುತ್ತೇವೆ. ಒಂದಿಲ್ಲದೆ ಇನ್ನೊಂದು ಒಂದು ತಿಂಗಳೂ ಬಾಳುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 111ನೇ ಸೆಕ್ಷನ್ನಿನಲ್ಲಿ ಸಂಘಟಿತ ಅಪರಾಧ ಅನ್ನುವುದೇ ಒಂದು ಅಪರಾಧ ಆಯಿತು. ಗ್ಯಾಂಗು ಕಟ್ಟಿ ಮಾಡುವ ಅಪಹರಣ, ಸುಲಿಗೆ, ಭೂಮಿ ಕಬಳಿಕೆ, ಸೈಬರ್ ಮೋಸ, ಹವಾಲಾ, ಮಾದಕ ವಸ್ತು ಸಾಗಾಟ ಎಲ್ಲ ಇದರಲ್ಲಿದೆ. ಹತ್ತು ವರ್ಷದೊಳಗೆ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಆಗಿರಬೇಕು. ಕನಿಷ್ಠ 5 ವರ್ಷ, ಹೆಚ್ಚೆಂದರೆ ಜೀವಾವಧಿ, 5 ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಯಾರಾದರೂ ಸತ್ತಿದ್ದರೆ ಮರಣದಂಡನೆಯವರೆಗೆ ಹೋಗಬಹುದು.

ಗಡಿಯವರಿಗೆ ಇದರಲ್ಲಿ ಒಂದು ವಿಶೇಷ ಇದೆ. ಕರ್ನಾಟಕದಲ್ಲಿ ಸಂಘಟಿತ ಅಪರಾಧ ತಡೆಯಲು 2000ದ ಕೋಕಾ ಕಾಯ್ದೆ ಇತ್ತು, ಕೇರಳದಲ್ಲಿ 2007ರ ಕಾಪ್ಪ, ಅಂದರೆ ಸಮಾಜ ವಿರೋಧಿ ಚಟುವಟಿಕೆ ತಡೆ ಕಾಯ್ದೆ. ಕಾಪ್ಪದಲ್ಲಿ ರೌಡಿಯನ್ನು ಒಳಗಿಡಬಹುದು, ಜಿಲ್ಲೆಯಿಂದ ಹೊರಗೆ ಹಾಕಬಹುದು. ಆದರೆ ಹೊರಗೆ ಹಾಕಿದರೆ ಅವನು ಹೋಗುವುದೆಲ್ಲಿಗೆ? ತಲಪಾಡಿ ದಾಟಿದರೆ ಮುಗಿಯಿತು, ಬಸ್ಸಿನಲ್ಲಿ ಐದು ನಿಮಿಷ. ಅಲ್ಲಿ ಕೂತು ಇಲ್ಲಿಯ ವ್ಯವಹಾರ ನಡೆಸುತ್ತಾನೆ. ಈಗ ಗಡಿಯ ಎರಡೂ ಬದಿಗೆ ಒಂದೇ ಸೆಕ್ಷನ್. ಪೊಲೀಸರು ಒಬ್ಬರಿಗೊಬ್ಬರು ಫೈಲು ಕೊಟ್ಟರೆ ಮಾತ್ರ ಅದಕ್ಕೆ ಬೆಲೆ.

ಮಗ ಬ್ಯಾಂಕ್ ಖಾತೆಯನ್ನು ಯಾರಿಗೋ ಕಮಿಷನ್ನಿಗೆ ಕೊಟ್ಟಿದ್ದಾನೆ. ಏನಾಗುತ್ತದೆ?

ಇವತ್ತೇ ಬ್ಯಾಂಕಿಗೆ ಹೋಗಿ ಖಾತೆ ನಿಲ್ಲಿಸಿ, ವಕೀಲರನ್ನು ಕರಕೊಂಡು ಪೊಲೀಸರಿಗೆ ತಿಳಿಸಿ. ನಾಳೆ ಅಂತ ಬೇಡ. ಎಲ್ಲೋ ದೆಹಲಿಯ ಒಬ್ಬ ಮುದುಕರಿಂದ ಕಿತ್ತ ದುಡ್ಡು ನಿಮ್ಮ ಮಗನ ಖಾತೆಯ ಮೂಲಕ ಹೋಗಿರುತ್ತದೆ. ಹುಡುಗನಿಗೆ ಸಿಕ್ಕಿದ್ದು ಐದು ಸಾವಿರ, ಕೇಸಿನಲ್ಲಿ ಮೊದಲ ಹೆಸರು ಅವನದು. ನಿಮ್ಮದೇ ದುಡ್ಡು ಹೋಗಿದ್ದರೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಗಲ್ಫಿನಿಂದ "ಒಂದು ಪೊಟ್ಟಣ ತಂದುಕೊಡು, ಟಿಕೆಟ್ ನಮ್ಮದು" ಅನ್ನುವುದೂ ಇದೇ ಜಾತಿ. ಸಿಕ್ಕಿಬಿದ್ದರೆ ಕಸ್ಟಮ್ಸ್ ಕೇಸು. ಸಿಕ್ಕದೇ ಮಾಲು ಬೇರೆಯವರ ಕೈಗೆ ಹೋದರೆ ಗ್ಯಾಂಗು ಮನೆ ಬಾಗಿಲಿಗೇ ಬರುತ್ತದೆ.

ಮಗ ಎಂಡಿಎಂಎ ಚಟಕ್ಕೆ ಬಿದ್ದಿದ್ದಾನೆ. ಹೇಳಿದರೆ ಅವನೇ ಜೈಲಿಗೆ ಹೋಗುತ್ತಾನಲ್ಲ ಅಂತ ಹೆದರಿಕೆ.

ಈ ಪ್ರಶ್ನೆ ಕೇಳುವ ಅಮ್ಮಂದಿರು ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು ಕೇಳುತ್ತಾರೆ. ಅವರಿಗೆ ಹೇಳುವುದು ಇದು. ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ 64ಎ ಅಂತ ಒಂದು ಸೆಕ್ಷನ್ ಇದೆ. ಸೇವನೆಯ ಕೇಸು ಅಥವಾ ಅಲ್ಪ ಪ್ರಮಾಣದ ಕೇಸು ಆಗಿ, ಚಟಕ್ಕೆ ಬಿದ್ದವನು ತಾನಾಗಿ ಒಪ್ಪಿ ಸರಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆ ಪಡೆದರೆ, ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಎಂಡಿಎಂಎಗೆ ಅಲ್ಪ ಪ್ರಮಾಣ ಅಂದರೆ ಅರ್ಧ ಗ್ರಾಂ. 10 ಗ್ರಾಂ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ರಕ್ಷಣೆಯೂ ಹೋಗಬಹುದು. ಎಕ್ಸೈಸ್ ಇಲಾಖೆಯ ವಿಮುಕ್ತಿ ಯೋಜನೆಯಲ್ಲಿ ಚಿಕಿತ್ಸೆ ಸಿಗುತ್ತದೆ. ಮರ್ಯಾದೆ ಹೋಗುತ್ತದೆ ಅಂತ ಮುಚ್ಚಿಟ್ಟರೆ ಆ ಮುಚ್ಚಿಟ್ಟ ಗುಟ್ಟೇ ಮಾರುವವನ ಬಂಡವಾಳ.

ಸ್ಟೇಷನ್ನಿನಲ್ಲಿ ಎಫ್ಐಆರ್ ಹಾಕುವುದಿಲ್ಲ ಅಂದರೆ?

"ಇದು ನಮ್ಮ ಸರಹದ್ದಲ್ಲ" ಅನ್ನುವ ಮಾತು ಈಗ ನಡೆಯುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಎಲ್ಲೇ ನಡೆದಿರಲಿ, ಯಾವ ಸ್ಟೇಷನ್ನಿನಲ್ಲೂ ದೂರು ಕೊಡಬಹುದು. ಆನ್‌ಲೈನಿನಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್ಐಆರ್ ನಕಲು ಪುಕ್ಕಟೆ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ನಿಮಗೆ ತಿಳಿಸಬೇಕು. ಹಾಕಲೇ ಇಲ್ಲ ಅಂದರೆ ಜಿಲ್ಲಾ ಪೊಲೀಸ್ ಮುಖ್ಯಸ್ಥರಿಗೆ ರಿಜಿಸ್ಟರ್ಡ್ ಪೋಸ್ಟ್, ಅದಕ್ಕೂ ಬಗ್ಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟು.

ಸಾಕ್ಷಿ ಹೇಳಿದರೆ ಮನೆಗೆ ಬಂದು ಹೆದರಿಸುತ್ತಾರೆ. ಯಾರು ಕಾಯುತ್ತಾರೆ?

ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಕಾನೂನಿನಲ್ಲಿ ಇರುವುದನ್ನು ಹೇಳುತ್ತೇನೆ. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ, ಎಲ್ಲ ರಾಜ್ಯಕ್ಕೂ ಅದೇ ಕಾನೂನು ಅಂತ ಹೇಳಿತು. ನಾಗರಿಕ ಸುರಕ್ಷಾ ಸಂಹಿತೆಯ 398ನೇ ಸೆಕ್ಷನ್ನಿನಲ್ಲೂ ಅದು ಬಂತು. ಜಿಲ್ಲಾ ಜಡ್ಜರ ಸಮಿತಿಗೆ ಅರ್ಜಿ ಕೊಡಬೇಕು. ಪೊಲೀಸರು 5 ಕೆಲಸದ ದಿನದೊಳಗೆ ಅಪಾಯ ಎಷ್ಟಿದೆ ಅಂತ ವರದಿ ಕೊಡಬೇಕು. ಮನೆ ಹತ್ತಿರ ಗಸ್ತು, ಫೋನ್ ನಂಬರ್ ಬದಲಾವಣೆ, ಕೋರ್ಟಿಗೆ ಹೋಗಿಬರಲು ಪೊಲೀಸ್ ಬೆಂಗಾವಲು, ತೀರಾ ಅಪಾಯ ಇದ್ದರೆ ಬೇರೆ ಊರಿನಲ್ಲಿ ಇರಿಸುವುದೂ ಇದೆ.

ಅರ್ಜಿ ಕೊಡಬೇಕು ಅಂತ ಗೊತ್ತಿಲ್ಲದೆಯೇ ಜನ ಹೆದರಿ ಹಿಂದೆ ಸರಿಯುತ್ತಾರೆ. ನಾವು ಮಾಡುವ ಒಂದು ಕೆಲಸ ಏನೆಂದರೆ, ಒಬ್ಬರನ್ನೇ ಕಳಿಸುವುದಿಲ್ಲ. ಸ್ಟೇಷನ್ನಿಗಾಗಲಿ, ತಲಶ್ಶೇರಿಯ ವಿಜಿಲೆನ್ಸ್ ಕೋರ್ಟಿಗಾಗಲಿ ಜೊತೆಗೆ ಇಬ್ಬರು ಹೋಗುತ್ತೇವೆ. ಬೆಳಗ್ಗಿನ ಲೋಕಲ್ ರೈಲಿನಲ್ಲಿ ಪಕ್ಕದಲ್ಲಿ ಇಬ್ಬರು ಕೂತಿದ್ದರೆ ಬರುವ ಧೈರ್ಯವೇ ಬೇರೆ.

ಇನ್ನೂ ಯಾವ ಕಾನೂನು ಬದಲಾಗಬೇಕು ಅಂತ ನಿಮಗೆ ಅನಿಸುತ್ತದೆ?

ಮೊದಲನೆಯದು, ಗುಟ್ಟು ಹೊರಗೆ ಹಾಕುವವರ ರಕ್ಷಣೆ. ಅದಕ್ಕಾಗಿ 2014ರಲ್ಲೇ ಸಂಸತ್ತು ಒಂದು ಕಾಯ್ದೆ ಪಾಸು ಮಾಡಿತು. ರಾಷ್ಟ್ರಪತಿಯ ಸಹಿಯೂ ಬಿತ್ತು. ಜಾರಿಗೆ ಮಾತ್ರ ತರಲಿಲ್ಲ. ಆಫೀಸಿನ ಒಳಗೇ ಇದ್ದು ತಪ್ಪು ನೋಡಿದ ಪ್ರಾಮಾಣಿಕ ಗುಮಾಸ್ತನಿಗೆ ಇವತ್ತಿಗೂ ನೆರಳಿಲ್ಲ.

ಆಮೇಲೆ, ಮಂಜೂರಾತಿಯ ಎಳೆದಾಟ. ನೌಕರನ ಮೇಲೆ ಕೋರ್ಟಿನಲ್ಲಿ ಕೇಸು ನಡೆಸಲು ಅವನ ಇಲಾಖೆಯೇ ಒಪ್ಪಿಗೆ ಕೊಡಬೇಕು. 3 ತಿಂಗಳು, ಹೆಚ್ಚೆಂದರೆ ಇನ್ನೊಂದು ತಿಂಗಳು ಅಂತ ಕಾಯ್ದೆ ಹೇಳುತ್ತದೆ. ಈ ಗಡುವು ಪಾಲಿಸಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಆದರೆ ಗಡುವು ದಾಟಿದರೆ ಕೇಸು ತನ್ನಷ್ಟಕ್ಕೇ ಮುಂದೆ ಹೋಗುವಂತೆ ಕಾಯ್ದೆಯಲ್ಲೇ ಬರೆದರೆ ಒಳ್ಳೆಯದು.

ಮತ್ತೆ ನಮ್ಮ ಊರಿನ ವಿಷಯ. ಈಗ ಎಲ್ಲ ಅರ್ಜಿಯೂ ಆನ್‌ಲೈನ್. ಲಂಚ ಕಡಿಮೆ ಮಾಡಲು ಅದು ಒಳ್ಳೆಯದೇ. ಆದರೆ ಪರದೆಯ ಮೇಲೆ ಮಲಯಾಳ, ಇಂಗ್ಲಿಷ್ ಮಾತ್ರ ಇದ್ದರೆ ನಮ್ಮ ಅಕ್ಕಂದಿರು ಮತ್ತೆ ದಲ್ಲಾಳಿಯ ಹತ್ತಿರವೇ ಹೋಗಬೇಕು. 1969ರ ಕಾಯ್ದೆ ಕಾಗದಕ್ಕೆ ಕೊಟ್ಟ ಹಕ್ಕನ್ನು ಪರದೆಗೂ ಕೊಡಬೇಕು. ಪ್ರತಿ ಫಾರ್ಮೂ ಕನ್ನಡದಲ್ಲಿ, ಪ್ರತಿ ಫೀಸೂ ಕನ್ನಡದ ಬೋರ್ಡಿನಲ್ಲಿ. ಇದು ಭಾಷಾಭಿಮಾನದ ಮಾತು ಅಂತ ಕೆಲವರು ಪಕ್ಕಕ್ಕಿಡುತ್ತಾರೆ. ನನಗೆ ಇದು ಲಂಚ ತಡೆಯುವ ಮಾತು.

ಭಾನುವಾರ ಬರುವಾಗ ಏನೇನು ತರಬೇಕು?

ತೀರ್ವೆ (ಭೂಕಂದಾಯ) ರಶೀದಿ, ಜಾಗದ ಆಧಾರದ ನಕಲು, ರೇಷನ್ ಕಾರ್ಡು, ಹಳೆಯ ಅರ್ಜಿಗೆ ಕೊಟ್ಟ ರಶೀದಿ. ಮೂಲ ಕಾಗದ ನಮ್ಮ ಹತ್ತಿರ ಬಿಟ್ಟುಹೋಗಬೇಡಿ, ನೋಡಿ ಕೊಟ್ಟುಬಿಡುತ್ತೇವೆ. ಆಫೀಸಿಗೆ ಹೋದ ದಿನ, ಹೊತ್ತು, ಯಾರು ಏನು ಹೇಳಿದರು ಅಂತ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಅವತ್ತವತ್ತೇ ಬರೆದಿಟ್ಟು ತನ್ನಿ. ಬರೆಯಲು ಬಾರದಿದ್ದರೆ ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳ ಹತ್ತಿರ ಬರೆಸಿ. ಹತ್ತು ರೂಪಾಯಿಯ ಸ್ಟಾಂಪು ನಮ್ಮಲ್ಲಿದೆ.